ದೋಣಿಯಲ್ಲಿದ್ದ ಮೂಟೆಗಳು

ರಾತ್ರಿ ನಿದ್ದೆಯಿಲ್ಲದ ಒಡಾಲಿಗೆ ನ್ಯಾಯಾಲಯವೇ ಮಂಜು ಕವಿದ ಹಿನ್ನೀರಾಗಿ ಕಾಣುತ್ತಿತ್ತು. ಏಸಿಯ ಗುಂಯ್‌ ಸದ್ದು ಅವಳನ್ನು ಮೆಲ್ಲಗೆ ತೂಗುತ್ತಿತ್ತು. ಕರಿಯಂಗಿಯ ನ್ಯಾಯಾಧೀಶೆ ಎಲ್ಲೋ ಆಚೆ ದಡದಲ್ಲಿದ್ದಳು. ಈ ದಡದಲ್ಲಿ, ಪಕ್ಕದಲ್ಲೇ, ತಮ್ಮ ಕ್ಲೋವಿಸ್ ತನ್ನ ಬೂಟು ನೋಡುತ್ತ ಕೂತಿದ್ದ.

ಅವಳ ಗಂಡ ಆಲ್ಸೀಡ್ ಸೀಗಡಿ ದೋಣಿಯಲ್ಲಿ ಒಂದು ಮೂಟೆ ಗಾಂಜಾ ಸಾಗಿಸಿದ್ದ, ಒಪ್ಪಿಯೂ ಇದ್ದ. ಆದರೆ ಐಸಿನಡಿ ಇನ್ನಷ್ಟು ಮೂಟೆ ಸಿಕ್ಕಿದ್ದವು. ಅವನಿಗೇ ತಿಳಿಯದಂತೆ ಅವನ್ನು ಬಚ್ಚಿಟ್ಟವನು ಅದೇ ದೋಣಿಯಲ್ಲಿ ಆಳಾಗಿದ್ದ ಕ್ಲೋವಿಸ್. ಶಿಕ್ಷೆಗೆ ಮುಂಚೆ ವರದಿ ಬರೆಯಲು ಅಧಿಕಾರಿ ಬಂದಾಗ ಆಲ್ಸೀಡ್ ಮಹಾನುಭಾವ, "ನನ್ನ ದೋಣೀಲಿ ಇದ್ದದ್ದೆಲ್ಲ ನಂದೇ ಸ್ವಾಮಿ" ಅಂದುಬಿಟ್ಟ. ಲೂಸಿಯಾನದ ಆ ಕರಾವಳಿಯಲ್ಲಿ ದೋಣಿಯ ಯಜಮಾನನಾದವನು ಬೇರೆ ಮಾತಾಡುವುದಿಲ್ಲ; ಆಳಿನ ಮೇಲೆ ತಪ್ಪು ಹೊರಿಸಿದವನ ಜೊತೆ ಯಾರೂ ಕಡಲಿಗಿಳಿಯುವುದಿಲ್ಲ. ವರದಿ ಬರೆದವನಿಗೆ ಇದೆಲ್ಲ ಏನು ಗೊತ್ತು? ಮಾತು ಆಡಿದರೆ ಹೋಯಿತು. ಎರಡು ವರ್ಷವಾಗಬೇಕಿದ್ದ ಶಿಕ್ಷೆ ಹತ್ತಾಯಿತು.

ಆ ಮೂಟೆಗಳ ಮೇಲೆ ಆಲ್ಸೀಡನ ಬೆರಳಗುರುತೇ ಇಲ್ಲವೆಂದು ವಕೀಲರು ಆಗಲೇ ತಕರಾರೆತ್ತಿದ್ದರು. ಅದನ್ನು ವಿಚಾರಿಸದೆ ಶಿಕ್ಷೆ ಕೊಟ್ಟದ್ದು ತಪ್ಪೆಂದು ಮೇಲಿನ ನ್ಯಾಯಾಲಯ ಮೇಲ್ಮನವಿಯಲ್ಲಿ ಹೇಳಿ, ಶಿಕ್ಷೆಯನ್ನು ಹೊಸದಾಗಿ ತೀರ್ಮಾನಿಸಲು ಪ್ರಕರಣವನ್ನು ಹಿಂದಕ್ಕೆ ಕಳಿಸಿತ್ತು. ಇವತ್ತು ಅದರದೇ ವಿಚಾರಣೆ.

ನಿನ್ನೆ ಜೈಲಿನಲ್ಲಿ ಒಡಾಲಿ ಗಂಡನಲ್ಲಿ ಅಂಗಲಾಚಿದ್ದಳು: "ನಂದಲ್ಲ ಅಂತ ಒಂದು ಮಾತು ಅಂದ್ಬಿಡು, ಮಾರಾಯ. ನಿನ್ನ ಗಂಟೇನು ಹೋಗತ್ತೆ?"

"ಮತ್ಯಾರದ್ದು ಅಂತ ಕೇಳ್ತಾರಲ್ಲೇ, ಹುಚ್ಚಿ."

ಈಗ ದೂರದ ದಡದಿಂದ ಪ್ರಶ್ನೆ ತೇಲಿಬಂತು. "ಉಳಿದ ಮೂಟೆಗಳು ನಿಮ್ಮವೇ?"

ಆಲ್ಸೀಡ್ ಹೆಂಡತಿಯ ಕಡೆ ತಿರುಗಿ ನೋಡಿದ. ಆ ನೋಟದಲ್ಲೇ ಅವಳು ಅವನನ್ನು ಮನೆಗೆ ಕರೆದೊಯ್ದು, ಬಿಸಿ ಗಂಬೋ ಸಾರು ಬಡಿಸಿ, ಅವನ ಬೆನ್ನಿಗೆ ಬೆನ್ನು ತಾಗಿಸಿ ಮಲಗಿಯೂ ಬಿಟ್ಟಳು.

"ನನ್ನ ದೋಣಿ. ನನ್ನವೇ."

ಅವಳಿಗೆ ಮೈಯೆಲ್ಲ ಉರಿಯಿತು. ಹಾಳು ಮರ್ಯಾದೆ! ಅಷ್ಟರಲ್ಲಿ ಪಕ್ಕದ ಬೆಂಚು ಕಿರುಗುಟ್ಟಿತು. ಕ್ಲೋವಿಸ್ ಎದ್ದು ನಿಂತಿದ್ದ.

"ನಂದು, ಜಡ್ಜಮ್ಮಾ. ಭಾವಂಗೆ ಏನೂ ಗೊತ್ತಿರ್ಲಿಲ್ಲ."

"ಕೂತ್ಕೊಳ್ಳೋ!" ಆಲ್ಸೀಡ್ ಗುಡುಗಿದ. "ಹೇಳ್ತಿದ್ದೀನಿ, ಕೂತ್ಕೋ!"

ದೋಣಿಯಲ್ಲಿ ಆ ದನಿಗೆ ಕ್ಲೋವಿಸ್ ಒಮ್ಮೆಯೂ ಎದುರಾಡಿದವನಲ್ಲ. ಇವತ್ತು ಕೂರಲಿಲ್ಲ. ಕಾವಲುಗಾರ ಅವನತ್ತ ನಡೆದುಬಂದ.

ಗಂಡ ಮನೆಗೆ ಬರುತ್ತಾನೆ. ವರ್ಷಗಟ್ಟಲೆ ಅವಳು ಬೇಡಿದ್ದು ಅದೊಂದನ್ನೇ. ಆದರೂ ಒಡಾಲಿ, ತಾಯಿ ಸತ್ತ ದಿನದಿಂದ ತಾನೇ ಉಣಿಸಿ ಬೆಳೆಸಿದ ತಮ್ಮನ ಅಂಗಿಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬಿಡಿಸಲು ಕಾವಲುಗಾರನೇ ಬಗ್ಗಬೇಕಾಯಿತು.