ಪಟ್ಟಿಯಲ್ಲಿ ಮೊದಲ ಹೆಸರು

"ಏಯ್ ಮೇಸ್ತ್ರಿ, ಚಪ್ಪಲಿ ಹೊರಗ್ ಬಿಡೋ! ಹೊಸಾ ನೆಲ, ಕಣ್ ಕಾಣ್ಸಲ್ವಾ?"

ಕೇಂದ್ರದ ಮ್ಯಾನೇಜರ್ ಕೂಗಿದ. ಆ ನೆಲಕ್ಕೆ ಟೈಲ್ಸ್ ಕೂರಿಸಿದವನು ನಾನೇ. ಹನ್ನೊಂದು ಭಾನುವಾರ, ಮಂಡಿಯೂರಿ, ಪುಕ್ಕಟೆ. ಚಪ್ಪಲಿ ಬಿಟ್ಟೆ. ಮಗಳದ್ದನ್ನೂ ಬಿಚ್ಚಿದೆ. ಇಪ್ಪತ್ತಮೂರು ವರ್ಷದವಳು, ಬಿಚ್ಚುವಷ್ಟು ಹೊತ್ತೂ ನನ್ನ ತಲೆಗೂದಲು ಹಿಡಿದು ನಿಂತಿದ್ದಳು.

ಅವಳಿಗೆ ಆಟಿಸಂ. ಹದಿನೆಂಟು ತುಂಬಿದ ದಿನ ಶಾಲೆ ಕೈಬಿಟ್ಟಿತು. ಹೆಂಡತಿ ತೀರಿಕೊಂಡ ಮೇಲೆ ಕೆಲಸದ ಜಾಗಕ್ಕೇ ಕರೆದೊಯ್ಯುತ್ತಿದ್ದೆ. ಟೈಲ್ಸ್ ಕತ್ತರಿಸುವ ಯಂತ್ರದ ಸದ್ದಿಗೆ ಸಿಮೆಂಟ್ ಚೀಲಗಳ ಹಿಂದೆ ಮುದುಡಿ ಚೀರುತ್ತಿದ್ದಳು. ಮೊನ್ನೆ ಕಂಟ್ರಾಕ್ಟರ್ ಅಂದ: "ಸೋಮವಾರದಿಂದ ಅವಳನ್ನ ತಂದ್ರೆ ನೀನೂ ಬರಬೇಡ."

ಹೆದರಲಿಲ್ಲ. ಕೇಂದ್ರ ಸಿದ್ಧವಾಗಿತ್ತಲ್ಲ. ಇಂಥ ದೊಡ್ಡ ಮಕ್ಕಳು ಹಗಲು ಹೊತ್ತು ಇರಲಿ ಎಂದು ಹೆತ್ತವರೇ ಸೇರಿ ಕಟ್ಟಿದ್ದು. ಅಧ್ಯಕ್ಷೆ ಮೇಡಂ ಮಗನೂ ಹೀಗೇ. ಮೀಟಿಂಗಿನಲ್ಲಿ ನನ್ನ ಕೈ ಹಿಡಿದು ಅತ್ತಿದ್ದರು: "ಅಣ್ಣಾ, ನಿಮ್ಮ ನೋವು ಬೇರೆ, ನನ್ನದು ಬೇರೆ ಅಲ್ಲ. ಪಟ್ಟೀಲಿ ಮೊದಲ ಹೆಸರು ನಿಮ್ಮ ಮಗಳದ್ದೇ."

ಇವತ್ತು ಅವರು ಮೇಜಿನ ಮೇಲಿದ್ದ ಪಟ್ಟಿಯಿಂದ ಕಣ್ಣೆತ್ತಲಿಲ್ಲ.

"ನೋಡಿ ಮೇಸ್ತ್ರಿ, ಇದು ಕಮಿಟಿ ತೀರ್ಮಾನ. ಕಿರುಚೋರು, ಬಾತ್‌ರೂಮಿಗೆ ಜೊತೆ ಬೇಕಾದೋರು ಸದ್ಯಕ್ಕೆ ಬೇಡ ಅಂತ. ಬೇರೆಯವರ ಮಕ್ಕಳು ಹೆದರ್ತಾರೆ."

"ಎಲ್ಲಾ ತಾನೇ ಮಾಡ್ಕೊಳ್ಳೋ ಹಂಗಿದ್ರೆ ಇಲ್ಲಿಗ್ಯಾಕೆ ಕರ್ಕೊಂಡ್ ಬರ್ತಿದ್ದೆ ಮೇಡಂ?"

ಮ್ಯಾನೇಜರ್ ನಕ್ಕ. "ಮನೇಲೇ ಕಟ್ ಹಾಕಯ್ಯ. ಅವಳಿಗೇನ್ ಗೊತ್ತಾಗುತ್ತೆ?"

"ಬಾಯ್ ಮುಚ್ಚೋ ಬೋಳಿಮಗನೆ! ನೀನ್ ನಕ್ಕಿದ್ದೂ ಗೊತ್ತಾಗುತ್ತೆ ಅವಳಿಗೆ. ಹೇಳಕ್ ಬರಲ್ಲ ಅಷ್ಟೆ." ಮೇಡಂ ಕಡೆ ತಿರುಗಿದೆ. "ನಿಮ್ಮ ಮಗನೂ ಕಿರುಚ್ತಾನಲ್ಲ. ಮೀಟಿಂಗಲ್ಲಿ ನನ್ನ ತೋಳು ಕಚ್ಚಿದ್ದ. ಮಗು ತಾನೇ ಅಂತ ಸುಮ್ನಿದ್ದೆ. ಅವನ ಹೆಸರು ಇದೆಯೋ ಇಲ್ವೋ?"

ಅವರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು.

"ಅವನ ಜೊತೆ ಆಯಾ ಇರ್ತಾಳೆ. ನಿಮ್ಮವಳ ಜೊತೆ ಯಾರಿದಾರೆ?"

ತಿರುಗಿ ನೋಡಿದರೆ ಮಗಳು ಪಕ್ಕದಲ್ಲಿರಲಿಲ್ಲ. ಕೊನೆಯ ಕೋಣೆಯಲ್ಲಿ ಗೋಡೆಗೊರಗಿ, ಕಾಲು ಚಾಚಿ ಕೂತು, ಏನೋ ಗುನುಗುತ್ತಿದ್ದಳು. ಹೊಸ ಜಾಗದಲ್ಲಿ ಅವಳು ಹಾಗೆ ಕೂತಿದ್ದನ್ನು ನಾನೆಂದೂ ಕಂಡಿರಲಿಲ್ಲ.

"ಎಬ್ಬಿಸಿ ಕರ್ಕೊಂಡ್ ಹೋಗಿ," ಹಿಂದೆಯೇ ಬಂದ ಮೇಡಂ ಅಂದರು.

ಒಳಗೆ ಹೋಗಿ ಬಾಗಿಲು ಮುಚ್ಚಿ ಚಿಲಕ ಹಾಕಿದೆ. ಮಗಳ ಪಕ್ಕ ಕೂತೆ.

"ತೆಗಿಯೋ ಬಾಗ್ಲು!" ಮ್ಯಾನೇಜರ್ ಗುದ್ದಿದ.

"ಮೊದ್ಲು ಇವಳ ಹೆಸರು ಬರೀರಿ!"

ಮತ್ತೆ ಗುದ್ದಿದ. ಮಗಳ ಗುನುಗು ನಿಂತಿತು.

"ಬಡೀಬೇಡ್ರೋ! ಸದ್ದು ತಡ್ಕೊಳಲ್ಲ ಕಣ್ರೋ ಅವಳು!"

ಈಗ ಎರಡು ಮೂರು ಕೈಗಳು ಬಡಿದವು. ಮಗಳು ಚೀರಿದಳು. ತಲೆಯನ್ನು ಗೋಡೆಗೆ ಚಚ್ಚಿಕೊಳ್ಳತೊಡಗಿದಳು. ನಡುವೆ ಅಂಗೈ ಇಟ್ಟೆ.

ಹೊರಗೆ ಬಡಿತ ನಿಂತಿತು. ಮೇಡಂ ಯಾರಿಗೋ ನಿಧಾನವಾಗಿ ಹೇಳುತ್ತಿದ್ದರು:

"ಕೇಳಿಸ್ತಾ? ಇದನ್ನೇ ನಾನು ಹೇಳಿದ್ದು."

ಮತ್ತೆ ಬಡಿತ ಶುರುವಾಯಿತು. ಕೈ ತೆಗೆಯಲಿಲ್ಲ. ಚಿಲಕವನ್ನೂ ತೆಗೆಯಲಿಲ್ಲ.