ಹದಿನೆಂಟು ಅಡುಗೆಮನೆ, ಒಂದು ಪೈಪು

ನಾಲ್ಕನೇ ಕೊಡ ತುಂಬುವ ಹೊತ್ತಿಗೆ ನೀರು ಸ್ವಲ್ಪ ತಿಳಿಯಾಯಿತು. ಮೊದಲ ಎರಡು ಬಕೆಟ್ ಹಳದಿ ನೀರನ್ನು ಅವಳು ಆಗಲೇ ಚೆಲ್ಲಿದ್ದಳು. ಈ ಬೀದಿಯಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. "ಮೊದಲೆರಡು ಬಕೆಟ್ ಚರಂಡಿ ಪಾಲು" ಎಂದು ನಗುತ್ತಾರೆ. ನಕ್ಕು ನಕ್ಕು ಅಭ್ಯಾಸವಾಗಿ, ಅದರಲ್ಲಿ ಸಿಟ್ಟಾಗುವಂಥದ್ದು ಏನಾದರೂ ಇದೆ ಎನ್ನುವುದೇ ಮರೆತುಹೋಗಿದೆ.

ಎರಡು ದಿನಕ್ಕೊಮ್ಮೆ, ಬೆಳಿಗ್ಗೆ ಆರರಿಂದ ಏಳರವರೆಗೆ ನೀರು. ಗೋಡೆಯ ಬದಿಯಲ್ಲಿ ಮೋಟರು ಗುಂಯ್ಗುಡುತ್ತಾ ಬೀದಿಯ ಪೈಪಿನಿಂದ ನೇರವಾಗಿ ನೀರು ಎಳೆಯುತ್ತಿತ್ತು. ಅವಳ ಗಂಡನದು ಮೋಟರ್ ರಿಪೇರಿ ಅಂಗಡಿ. ತಾಮ್ರದ ತಂತಿಯ ಸುರುಳಿ ಸುತ್ತುವ ಕೆಲಸ ಅವಳದು. ನೂರು ಸುತ್ತಾದರೆ ಹಲಗೆಯ ಮೇಲೆ ಒಂದು ಗೀಟು ಎಳೆಯುತ್ತಾಳೆ. ಒಂದು ಸುತ್ತೂ ತಪ್ಪುವುದಿಲ್ಲ. ಬೀದಿಯ ಹದಿನೆಂಟು ಮನೆಗಳಲ್ಲೂ ಅವಳು ಸುತ್ತಿದ ಮೋಟರೇ. ಗಂಡನನ್ನು ಎಲ್ಲರೂ ಮೋಟರಣ್ಣ ಎಂದೇ ಕರೆಯುತ್ತಾರೆ.

"ಕೊಡ ತೊಳೆದೆಯಾ?" ಒಳಗಿನಿಂದ ಅತ್ತೆ ಕೇಳಿದರು.

"ತೊಳೆದೆ ಅತ್ತೆ."

"ಇನ್ನೊಂದು ಸಲ ತೊಳಿ. ಮಗು ಮಲಗಿದೆ ಅನ್ನೋದು ನೆನಪಿರಲಿ."

ಮರೆಯುವುದು ಹೇಗೆ? ಏಳು ವರ್ಷದ ಪುಟ್ಟಿ ಮೂರು ವಾರದಿಂದ ಹಾಸಿಗೆ ಹಿಡಿದಿದ್ದಾಳೆ. ಕಾಮಾಲೆ. ಹೋದ ವರ್ಷ ಟೈಫಾಯ್ಡ್ ಆಗಿತ್ತು. ಈ ಸಲ ಆಸ್ಪತ್ರೆಯಲ್ಲಿ ಡಾಕ್ಟರು ಹತ್ತು ಜನರೆದುರು, "ಏನಮ್ಮಾ, ನೀರು ಕಾಯಿಸಿ ಕೊಡೋಕೂ ಸೋಮಾರಿತನವಾ? ಇನ್ನೊಂದು ಕಾಯಿಲೆ ಬಂದರೆ ತಡ್ಕೊಳ್ಳೋ ಶಕ್ತಿ ಈ ಮಗುಗಿಲ್ಲ" ಎಂದಿದ್ದರು. ಅವಳು ದಿನವೂ ನೀರು ಕಾಯಿಸುತ್ತಿದ್ದಳು.  ಮನೆಗೆ ಬಂದು ಅಡುಗೆಮನೆಯ ಗೋಡೆಯನ್ನೂ ಬಿಡದೆ ಉಜ್ಜಿದಳು. ಉಗುರು ಸವೆಯಿತು, ಅನುಮಾನ ಸವೆಯಲಿಲ್ಲ. ನನ್ನ ಕೈಯಲ್ಲೇ ಏನೋ ಕೊಳೆ ಇದೆಯೇನೋ ಎಂದು ರೊಟ್ಟಿ ತಟ್ಟುವಾಗಲೂ ಕೈ ನೋಡಿಕೊಳ್ಳುತ್ತಿದ್ದಳು.

ಏಳಕ್ಕೆ ನೀರು ನಿಂತಿತು. ಸ್ವಲ್ಪ ಹೊತ್ತಿಗೆ ಹೊರಗೆ ಹಾರೆಯ ಸದ್ದು. ಮೂಲೆಮನೆಯ ಮುಂದೆ, ಹಿಂದೆ ಅಗೆದಿದ್ದ ಅದೇ ಜಾಗದಲ್ಲಿ, ಇಬ್ಬರು ಆಳುಗಳು ರಸ್ತೆ ಅಗೆಯುತ್ತಿದ್ದರು. ವಾಲ್ವ್ ತಿರುಗಿಸಿ ಬೀದಿಬೀದಿಗೆ ನೀರು ಬಿಡುವ ನೀರುಗಂಟಿ, ಉದ್ದನೆಯ ಕಬ್ಬಿಣದ ಕೀಲಿಯನ್ನು ತೊಡೆಯ ಮೇಲಿಟ್ಟುಕೊಂಡು ಗುಂಡಿಯ ಅಂಚಿನಲ್ಲಿ ಕೂತಿದ್ದರು. ಇನ್ನೆರಡು ತಿಂಗಳಲ್ಲಿ ನಿವೃತ್ತರಾಗುವ ಮನುಷ್ಯ.

"ಎಷ್ಟನೇ ಸಲ ಅಣ್ಣ ಇದು?" ಅವಳು ಹೊರಗೆ ಬಂದು ಕೇಳಿದಳು.

"ಎರಡು ವರ್ಷದಲ್ಲಿ ಏಳು. ಗುಂಡಿಗೇ ನನ್ನ ಪರಿಚಯ ಆಗಿದೆ. 'ಬಂದ್ರಾ, ಕೂತ್ಕೊಳಿ' ಅನ್ನುತ್ತೆ."

ಅವಳು ಬಗ್ಗಿ ನೋಡಿದಳು. ತುಕ್ಕು ಹಿಡಿದ ಪೈಪಿಗೆ ಹಳೆಯ ಟ್ಯೂಬಿನ ರಬ್ಬರು ಸುತ್ತಿ ತಂತಿ ಬಿಗಿದಿದ್ದರು. ಅದರ ಮೇಲೊಂದು ರಬ್ಬರು, ಅದರ ಮೇಲೂ ಒಂದು. ಪೈಪು ಕಪ್ಪು ನೀರಿನಲ್ಲಿ ಅರ್ಧ ಮುಳುಗಿತ್ತು. ಒಂದು ಗೇಣು ಮೇಲೆ, ಅದೇ ಗುಂಡಿಯಲ್ಲಿ, ಒಳಚರಂಡಿಯ ಪೈಪು ಬಿರುಕು ಬಿಟ್ಟು ತೊಟ್ಟಿಕ್ಕುತ್ತಿತ್ತು.



"ಇದು... ಇದು ನಾವು ಕುಡಿಯೋ ನೀರಿನ ಪೈಪಾ?"

"ಹೂಂ. ಆ ಕಾಲದಲ್ಲಿ ಎರಡಕ್ಕೂ ಒಂದೇ ಕಾಲುವೆ ತೋಡಿದ್ರು. ಕೆಲಸ ಬೇಗ ಮುಗೀತು ಅಂತ ಚಪ್ಪಾಳೆ ತಟ್ಟಿದ್ರು. ಚರಂಡಿ ಪೈಪು ಕೆಳಗೆ, ದೂರದಲ್ಲಿ ಇರಬೇಕು. ಇಲ್ಲಿ ತಲೆ ಮೇಲೆ ಕೂತಿದೆ. ನಾನು ಕೆಲಸಕ್ಕೆ ಸೇರೋಕೆ ಮುಂಚಿನ ಪೈಪು ಇದು."

"ಏಳು ಸಲ ತೇಪೆ ಹಾಕೋ ಬದಲು ಒಂದು ಸಲ ಬದಲಾಯಿಸೋಕೆ ಆಗಲ್ವಾ? ಹೇಳೋರು ಕೇಳೋರು ಯಾರೂ ಇಲ್ವಾ ನಿಮ್ಮ ಕಚೇರೀಲಿ?"

"ಕೂಗು ತಾಯಿ, ಇನ್ನೂ ಜೋರಾಗಿ ಕೂಗು. ಆದರೆ ಗುಂಡಿ ಮುಂದೆ ಕೂಗಿದ್ರೆ ಗುಂಡಿಗೆ ಮಾತ್ರ ಕೇಳುತ್ತೆ." ನೀರುಗಂಟಿ ಕಿಸೆಯಿಂದ ಒಂದು ಚೀಟಿ ತೆಗೆದು ತೋರಿಸಿದರು. "ನೋಡು. ತೇಪೆ ಹಾಕಿದ ಮೇಲೆ 'ದುರಸ್ತಿ ಆಗಿದೆ' ಅಂತ ಬರೀತೀನಿ. ದೂರು ಮುಗೀತು. ಮುಂದಿನ ತಿಂಗಳು ಇಲ್ಲೇ ಒಡೆದ್ರೆ ಅದು ಹೊಸ ದೂರು, ಹೊಸ ನಂಬರು. ಏಳು ಚೀಟಿ ಒಂದೇ ಗುಂಡೀದು ಅಂತ ಪಕ್ಕಪಕ್ಕ ಇಟ್ಟು ನೋಡೋರು ಇಲ್ಲ. ಈಗ ಐದು ವರ್ಷದ ಯೋಜನೆ ಮಾಡ್ತಿದಾರೆ, ಯಾವ ಬೀದಿ ಪೈಪು ಮೊದಲು ಬದಲಿಸೋದು ಅಂತ. ಬಾಕಿ ದೂರು ಜಾಸ್ತಿ ಇರೋ ಬೀದಿ ಮೊದಲು. ನಿಮ್ಮ ಬೀದೀದು ಸೊನ್ನೆ."

"ಸೊನ್ನೆ!"

"ಸೊನ್ನೆ. ಕಾಗದದಲ್ಲಿ ನಿಮ್ಮಷ್ಟು ಸುಖವಾಗಿರೋರು ಊರಲ್ಲೇ ಇಲ್ಲ. ಇನ್ನೊಂದು ಹೇಳ್ತೀನಿ ಕೇಳು. ಈ ರಸ್ತೆಗೆ ಡಾಂಬರು ಹಾಕಿದಾಗ ಮೂರು ವಾಲ್ವ್ ಮುಚ್ಚಳ ಒಳಗೇ ಹೋದವು. ಎಲ್ಲಿವೆ ಅನ್ನೋದು ನಕ್ಷೇಲಿಲ್ಲ, ನನ್ನ ತಲೇಲಿದೆ. ವರ್ಷಕ್ಕೊಂದು ಸಲವಾದ್ರೂ ಪ್ರತಿ ವಾಲ್ವ್ ತಿರುಗಿಸಿ ನೋಡಬೇಕು, ಇಲ್ಲದಿದ್ರೆ ತುಕ್ಕು ಹಿಡಿದು ಕೂತ್ಬಿಡುತ್ತೆ. ನಾನು ಹೋದ ಮೇಲೆ ಈ ಪೈಪು ಒಡೆದ್ರೆ, ವಾಲ್ವ್ ಸಿಗದೆ ಇಡೀ ಊರಿನ ನೀರು ನಿಲ್ಲಿಸಬೇಕು."

ಅವಳು ತುಸು ಯೋಚಿಸಿದಳು. "ಆದ್ರೂ ಅಣ್ಣ, ನೀರು ರಭಸವಾಗಿ ಬರ್ತಿರುತ್ತಲ್ಲ. ತೂತಿನಿಂದ ನೀರು ಹೊರಗೆ ಹೋಗಬೇಕು. ಚರಂಡಿ ಹೇಗೆ ಒಳಗೆ ಬರುತ್ತೆ?"

ನೀರುಗಂಟಿ ಸುತ್ತ ನೋಡಿದರು. ದನಿ ತಗ್ಗಿಸಿದರು.

"ನೀರು ಬಿಡದ ಹೊತ್ತಿನಲ್ಲಿ ಪೈಪು ಖಾಲಿ, ಆಗ ಒಸರುತ್ತೆ. ಅದಕ್ಕೇ ಮೊದಲ ನೀರು ಹಳದಿ. ನೀರು ಬಿಟ್ಟಾಗ ಹದಿನೆಂಟು ಮೋಟರು ಒಟ್ಟಿಗೆ ಹೀರುತ್ತವೆ. ಹೀರಿದ್ರೆ ತೂತಿನಿಂದಲೂ ಎಳೆಯುತ್ತೆ. ಯಾವುದು ನೀರು, ಯಾವುದು ಹೊಲಸು ಅಂತ ಮೋಟರಿಗೆ ಗೊತ್ತಾಗುತ್ತಾ? ತಿಳಿಯಾಗಿ ಕಂಡ ನೀರಲ್ಲೂ ಇರುತ್ತೆ. ಕುಡಿಯೋಕೆ ಕಾಯಿಸ್ತೀಯ, ಸರಿ. ಮಗು ಬಾಯಿ ಮುಕ್ಕಳಿಸೋದು ಯಾವ ನೀರಲ್ಲಿ?"

ನಲ್ಲಿ ನೀರಿನಲ್ಲಿ.  ತಾನು ಸುತ್ತಿದ ಸುರುಳಿಗಳೆಲ್ಲ ಅವಳ ಕಣ್ಣ ಮುಂದೆ ಬಂದವು.

ಮಧ್ಯಾಹ್ನ ಊಟಕ್ಕೆ ಬಂದ ಗಂಡನಿಗೆ ಎಲ್ಲ ಹೇಳಿದಳು. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಯೋಜನೆಯಂತೆ ಯೋಜನೆ! ನಮ್ಮಪ್ಪನ ಕಾಲದಿಂದ ಕೇಳ್ತಿದೀನಿ. ದೂರು ಕೊಟ್ಟು ಯಾರು ಉದ್ಧಾರ ಆಗಿದಾರೆ? ಆ ನೀರುಗಂಟಿಗೆ ಮಾತಾಡೋಕೆ ಯಾರಾದ್ರೂ ಬೇಕು, ನೀನು ಸಿಕ್ಕಿದೆ."

"ಪುಟ್ಟಿ ಹಾಸಿಗೆ ಮೇಲಿದಾಳೆ ರೀ."

"ಗೊತ್ತು ಕಣೇ. ನಾನೇನು ಕಲ್ಲಾ? ಶುಚಿಯಾಗಿ ಇಟ್ಕೋ ಅಂತ ಅಮ್ಮನೂ ಹೇಳ್ತಾನೇ ಇದಾಳೆ."

ಶುಚಿ. ಆ ಮಾತು ಅವಳೊಳಗೆ ಕೆಂಡದಂತೆ ಬಿತ್ತು. ಕೈ ತೊಳೆದು ಎದ್ದಳು. ಮೋಟರು ಬಂದ ರಟ್ಟಿನ ಪೆಟ್ಟಿಗೆಯೊಂದನ್ನು ಬಿಡಿಸಿ, ಅದರ ಮೇಲೆ ಬೀದಿಯನ್ನು ಬರೆದಳು. ಈ ಕಡೆ ಒಂಬತ್ತು ಮನೆ, ಆ ಕಡೆ ಒಂಬತ್ತು. ಪೆನ್ನು ಕೈಯಲ್ಲಿ ಹಿಡಿದು ಮನೆಮನೆಗೆ ಹೊರಟಳು. ಗುಂಡಿಗೊಂದು, ಕಾಯಿಲೆಗೊಂದು ಗೀಟೆಳೆದು ಪಕ್ಕದಲ್ಲಿ ದಿನ ಬರೆಯುವುದು ಅವಳ ಲೆಕ್ಕ.

"ಗುಂಡಿ ತೋಡಿದ್ದು ಯಾವತ್ತು ಅಂತ ನೆನಪಿದೆಯಾ?" ಎಂದು ಕೇಳಿದರೆ ಗಂಡಸರು ತಲೆ ಕೆರೆದುಕೊಂಡರು. ಹೆಂಗಸರಿಗೆ ಎಲ್ಲ ನೆನಪಿತ್ತು.

"ನನ್ನ ನಾದಿನಿ ಹೆರಿಗೆಗೆ ಬಂದ ದಿನ. ಬಾಗಿಲಲ್ಲೇ ಗುಂಡಿ. ಆಮೇಲೆ ವಾರಕ್ಕೆ ಮನೆಮಂದಿಗೆಲ್ಲ ವಾಂತಿ ಭೇದಿ," ಎಂದಳು ಮೂಲೆಮನೆಯ ಅಕ್ಕ. ಆಮೇಲೆ ದನಿ ಇಳಿಸಿದಳು. "ಯಾರಿಗೂ ಹೇಳಬೇಡ ಮಾರಾಯ್ತಿ. ನನ್ನ ಅಡುಗೆಯಿಂದಲೇ ಅಂತ ನಮ್ಮೋರು ಎರಡು ದಿನ ಮಾತು ಬಿಟ್ಟಿದ್ರು."

ಪಕ್ಕದ ಮನೆಯಲ್ಲೂ ಅದೇ ಕಥೆ, ಅದರಾಚೆಯ ಮನೆಯಲ್ಲೂ. ಒಬ್ಬಳ ಮಗನ ಪರೀಕ್ಷೆ ತಪ್ಪಿತ್ತು. ಒಬ್ಬಳನ್ನು ಅತ್ತೆ ಒಲೆಯ ಹತ್ತಿರವೇ ಬಿಟ್ಟಿರಲಿಲ್ಲ. ಎಲ್ಲರೂ ಗುಟ್ಟಾಗಿ ಹೇಳಿದರು. ಎಲ್ಲರೂ ತಮ್ಮದೇ ತಪ್ಪು ಎಂದುಕೊಂಡಿದ್ದರು. ಸಂಜೆ ರಟ್ಟನ್ನು ನೆಲದ ಮೇಲೆ ಹರವಿ ನೋಡಿದಾಗ ಅವಳಿಗೆ ಅಳು ಬರಲಿಲ್ಲ, ಮೈ ಉರಿಯಿತು. ಇವತ್ತಿನದೊಂದು ಬಿಟ್ಟು ಪ್ರತಿ ಗುಂಡಿಯ ಗೀಟಿನ ಹಿಂದೆಯೇ ಕಾಯಿಲೆಯ ಗೀಟುಗಳ ಸಾಲು. ಒಂದು ಪೈಪಿನ ತಪ್ಪನ್ನು ಹದಿನೆಂಟು ಅಡುಗೆಮನೆಗಳು ಹೊತ್ತಿದ್ದವು. ಪೈಪಿಗೆ ರಬ್ಬರು ಸುತ್ತಿದರು, ಹೆಂಗಸರ ತಲೆಗೆ ಅಪವಾದ ಸುತ್ತಿದರು.

ಅತ್ತೆ ಬಂದು ಪಕ್ಕದಲ್ಲಿ ಕೂತರು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಇದು ನಮ್ಮ ಮನೆಯಾ?"

"ಹೂಂ ಅತ್ತೆ."

"ಇದು ಟೈಫಾಯ್ಡು?"

"ಹೂಂ. ಗುಂಡಿ ತೋಡಿ ಹತ್ತು ದಿನಕ್ಕೆ."

ಅತ್ತೆ ಎದ್ದು, ಮೊಮ್ಮಗಳು ಬಾಯಿ ಮುಕ್ಕಳಿಸುವ ಚೊಂಬಿನ ನೀರನ್ನು ಚೆಲ್ಲಿ, ಕಾಯಿಸಿ ಆರಿಸಿದ ನೀರು ತುಂಬಿಸಿದರು.

ಶನಿವಾರ ನೀರಿನ ಕಚೇರಿಯಲ್ಲಿ ಆ ಐದು ವರ್ಷದ ಯೋಜನೆಗೆ ಜನರ ಸಭೆ. ಹಾಕಿದ್ದು ಹನ್ನೆರಡು ಕುರ್ಚಿ. ಅಷ್ಟೂ ತುಂಬಿದ ನಿದರ್ಶನವೇ ಇರಲಿಲ್ಲವಂತೆ. ಅಂದು ಹದಿನೆಂಟು ಮನೆಯವರು ಬಂದು, ಕುರ್ಚಿ ಸಾಲದವರು ಗೋಡೆಗೆ ಒರಗಿ ನಿಂತರು. ಗಂಡನೂ ಬಂದ. "ಏನೂ ಆಗಲ್ಲ ಅನ್ನೋದನ್ನ ನೋಡೋಕೆ ಬಂದೆ" ಎಂದ.

ಎಂಜಿನಿಯರಮ್ಮ ಪಟ್ಟಿ ನೋಡಿದರು. "ನಿಮ್ಮ ಬೀದಿಯ ಬಾಕಿ ದೂರು ಸೊನ್ನೆ ಇದೆಯಲ್ಲ?"

"ಸೊನ್ನೆನಾ? ಹಾಗಾದ್ರೆ ನನ್ನ ಮಗಳ ಕಣ್ಣಿಗೆ ಅರಿಶಿನ ಬಳಿದೋರು ಯಾರು ಮೇಡಂ?" ಅವಳು ರಟ್ಟನ್ನು ಮೇಜಿನ ಮೇಲೆ ಹರವಿದಳು.  "ಇವು ಏಳು ಗುಂಡಿ. ಏಳೂ ಒಂದೇ ಜಾಗ. ಇವು ಕಾಯಿಲೆ, ಮೂವತ್ತೊಂದು. ನಿಮ್ಮ ಕಾಗದದಲ್ಲಿ ಮುಗಿದಿದ್ದು ದೂರು ಅಷ್ಟೇ. ನಮ್ಮ ಮನೇಲಿ ಯಾವುದೂ ಮುಗಿದಿಲ್ಲ."

ಹಿಂದಿನಿಂದ ಅತ್ತೆಯ ದನಿ ಬಂತು. "ಎರಡು ವರ್ಷ ನಾನು ಈ ಸೊಸೇನ ಬೈದಿದೀನಿ. ಆ ಬೈಗುಳವೆಲ್ಲ ಅವಳದಲ್ಲ ಅಂತ ಈಗ ಗೊತ್ತಾಯ್ತು. ಯಾರಿಗೆ ಸೇರಬೇಕು ಹೇಳಿ, ಇಲ್ಲೇ ಕೊಟ್ಟು ಹೋಗ್ತೀನಿ."

ಯಾರೋ ನಕ್ಕರು. ಎಂಜಿನಿಯರಮ್ಮ ನಗಲಿಲ್ಲ. ರಟ್ಟಿನ ಮೇಲೆ ಬೆರಳಾಡಿಸುತ್ತಾ, ನೀರುಗಂಟಿಯ ಚೀಟಿಗಳನ್ನು ತರಿಸಿ ಒಂದೊಂದಾಗಿ ಪಕ್ಕಕ್ಕಿಟ್ಟು ನೋಡಿದರು.

"ತಪ್ಪು ನಮ್ಮದು," ಎಂದರು. "ಒಡೆದ ಮೇಲೆ ಓಡೋದನ್ನೇ ಕೆಲಸ ಅಂದ್ಕೊಂಡ್ವಿ. ಪೈಪಿನ ವಯಸ್ಸು, ಎಷ್ಟು ಸಲ ಒಡೀತು, ಪಕ್ಕದಲ್ಲಿ ಚರಂಡಿ ಇದೆಯಾ, ಎಷ್ಟು ಜನಕ್ಕೆ ಕಾಯಿಲೆ ಆಯ್ತು, ಇಷ್ಟನ್ನೂ ನೋಡಿ ಪಟ್ಟಿ ಮಾಡಬೇಕು. ಮತ್ತೆ ಮಾಡ್ತೀವಿ. ನೀರುಗಂಟಿ ನಿವೃತ್ತರಾಗೋ ಮುಂಚೆ ವಾಲ್ವ್‌ಗಳನ್ನೂ ನಕ್ಷೇಲಿ ಗುರುತಿಸ್ತೀವಿ. ಪಟ್ಟಿಯನ್ನ ಹೊರಗೆ ಗೋಡೆಗೆ ಅಂಟಿಸ್ತೀವಿ, ನೀವೇ ಬಂದು ನೋಡಿ." ಆಮೇಲೆ ತಲೆ ಎತ್ತಿದರು. "ಒಂದು ಮಾತು. ನಿಮ್ಮ ಬೀದೀಲಿ ಪೈಪಿಗೆ ನೇರವಾಗಿ ಮೋಟರು ಹಾಕಿದೋರು ಯಾರಾದ್ರೂ ಇದೀರಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಹದಿನೆಂಟು ಮನೆಯವರೂ ನೆಲ ನೋಡಿದರು. ಮೋಟರಣ್ಣ ಫ್ಯಾನ್ ನೋಡಿದ.

"ಬೈಯೋಕಲ್ಲ ಕೇಳಿದ್ದು," ಎಂದರು ಎಂಜಿನಿಯರಮ್ಮ. "ಮೋಟರು ಎಳೆದ ನೀರನ್ನೇ ಲೆಕ್ಕ ಹಿಡಿದರೆ ಈಗಿನ ಪೈಪಿನ ಅಳತೆಯೇ ಸಾಕು ಅನ್ಸುತ್ತೆ. ಹಳೆ ಅಳತೆಯ ಪೈಪೇ ಮತ್ತೆ ಹಾಕ್ತೀವಿ. ಕೊನೆ ಮನೆಗೆ ನೀರು ಬರಲ್ಲ, ಮತ್ತೆ ಮೋಟರು, ಮತ್ತೆ ಚರಂಡಿ. ಹೊಸ ಪೈಪಿಗೂ ಒಂದು ದಿನ ಬಿರುಕು ಬರುತ್ತೆ. ಈ ನಮೂನೇಲಿ ಪ್ರತಿ ಮನೆಯವರೂ ನಿಜ ಬರೆದು, ಲಕೋಟೆಗೆ ಹಾಕಿ ಸೋಮವಾರ ಕೊಡಿ."

 ಮನೆ ಹತ್ತಿರ ಬಂದಾಗ ಗಂಡ ಹೇಳಿದ: "ಪೈಪು ಬದಲಾಗಲೇಬೇಕು. ಆ ಪಟ್ಟಿ ಅಂಟಿಸೋವರೆಗೂ ನಾನೇ ದಿನಾ ಹೋಗಿ ಕೇಳ್ತೀನಿ." ಆಮೇಲೆ, "ಮೋಟರಿನ ವಿಷಯ ಮಾತ್ರ 'ಇಲ್ಲ' ಅಂತ ಬರೆದುಬಿಡು. ನಾವೊಬ್ಬರೇ ತೆಗೆದ್ರೆ ನಮ್ಮ ಪಾಲಿನ ನೀರನ್ನ ಅಕ್ಕಪಕ್ಕದೋರು ಎಳ್ಕೊಂಡು ಹೋಗ್ತಾರೆ," ಎಂದ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ನಲ್ಲಿಯಲ್ಲೂ ಮೊದಲ ಬಕೆಟ್ ಹಳದಿಯಾಗಿ ಬರುತ್ತದೆಯೇ? ದಯವಿಟ್ಟು ನಗಬೇಡಿ, ಸಿಟ್ಟಾಗಿ. ಪೈಪು ಒಡೆದ ದಿನ, ಮನೆಯಲ್ಲಿ ಕಾಯಿಲೆ ಬಿದ್ದ ದಿನ ಬರೆದಿಡಿ, ಪಕ್ಕದ ಮನೆಯವರದನ್ನೂ ಕೇಳಿ ಬರೆಯಿರಿ. ನಮ್ಮ ಬೀದಿಯ ಪೈಪಿಗೆ ವಯಸ್ಸೆಷ್ಟು, ಬದಲಿಸುವುದು ಯಾವ ವರ್ಷ ಎಂದು ನೀರಿನ ಕಚೇರಿಗೆ ಹೋಗಿ ಕೇಳಿ, ಬಾಯಿಮಾತಿನ ಉತ್ತರ ತಗೊಳ್ಳಬೇಡಿ. ಯೋಜನೆ ಮಾಡುವ ದಿನ ಖಾಲಿ ಕುರ್ಚಿ ಬಿಡಬೇಡಿ. ಪೈಪು ಸರಿಯಾಗುವವರೆಗೆ ಕುಡಿಯಲು ಮಾತ್ರವಲ್ಲ, ಬಾಯಿ ಮುಕ್ಕಳಿಸಲೂ ಕಾಯಿಸಿದ ನೀರೇ ಇರಲಿ. ಬೀದಿಯ ಪೈಪಿನಿಂದ ನೇರವಾಗಿ ಎಳೆಯುವ ಮೋಟರನ್ನು ತೆಗೆದುಹಾಕಿ. ಮತ್ತೆ, ಮನೆಯಲ್ಲಿ ಮಗು ಮಲಗಿದರೆ ಮೊದಲು ಅಡುಗೆ ಮಾಡುವವಳ ಕೈ ನೋಡಬೇಡಿ. ಬೀದಿಗೆ ಬಂದು ಗುಂಡಿ ನೋಡಿ.

ಭಾನುವಾರ ಮಧ್ಯಾಹ್ನ ಗಂಡ ಅಂಗಡಿಯಲ್ಲಿದ್ದ, ಅತ್ತೆ ಪುಟ್ಟಿಯ ತಲೆ ಬಾಚುತ್ತಿದ್ದರು. ಅವಳು ನಮೂನೆ ತೆಗೆದು ಕೂತಳು. ಮನೆಯಲ್ಲಿ ಎಷ್ಟು ಜನ, ಎಷ್ಟು ಕೊಡ ನೀರು, ಯಾವ ಕಾಯಿಲೆ ಎಲ್ಲ ಬರೆದಳು. ಕೊನೆಯ ಪ್ರಶ್ನೆ ಮೋಟರಿನದು. ಪೆನ್ನು ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಅಂಗಡಿಯಿಂದ ಬಂದ ಇನ್ನೊಂದು ಮೋಟರಿನ, ತಂತಿ ಸುತ್ತಬೇಕಾದ ಖಾಲಿ ಅಚ್ಚು ಪಕ್ಕದಲ್ಲೇ ಇತ್ತು. ಮುಂದಿನ ಬೀದಿಯವರದು, ಪೈಪಿಗೆ ನೇರ ಹಾಕಲು.

'ಇದೆ' ಎಂದು ಬರೆದಳು. ಅದರ ಮುಂದೆ, 'ನಾಳೆಯಿಂದ ಇರುವುದಿಲ್ಲ' ಎಂದೂ ಬರೆದಳು. ಮೋಟರನ್ನು ಪೈಪಿನಿಂದ ಬಿಡಿಸಲು ಎರಡು ನಟ್ಟು ಸಡಿಲಿಸಿದರೆ ಸಾಕು. ಅದು ಅವಳಿಗೆ ಬರುತ್ತದೆ. ಲಕೋಟೆ ಅಂಟಿಸಿದಳು. ಆ ಖಾಲಿ ಅಚ್ಚನ್ನು ಎತ್ತಿ, ತಂತಿ ಸುತ್ತದೆ, ಹಾಗೇ ಅಂಗಡಿಗೆ ವಾಪಸು ಕೊಡಲು ಚೀಲಕ್ಕೆ ಹಾಕಿದಳು.

"ಏನು ಬರೆದೆ ಅಮ್ಮಾ?" ಎಂದಳು ಪುಟ್ಟಿ.

"ಏನಿಲ್ಲ ಬಂಗಾರ," ಎಂದಳು, ಲಕೋಟೆಯನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಾ.