ಕಪ್ಪಾಗಿರಬೇಕಿದ್ದ ಬಿಲ್ಲೆ

ಶಿಂಚು ಊರಿನ ಗಾಳಿಗೆ ಪ್ರಯೋಗಾಲಯದ ಕಿಟಕಿಗಳು ಹಲ್ಲು ಕಡಿಯುತ್ತಿದ್ದವು. ಪೈಜೆನ್ ಪರದೆಯ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದಳು. ಯಂತ್ರದೊಳಗಿದ್ದದ್ದು ಉಗುರಗಲದ ಗಾಜಿನ ಬಿಲ್ಲೆ. ಮೇಲೆ ರಕ್ತ ಹರಿಸಿ ಬೆಳಕು ಬಿಟ್ಟರೆ ಕ್ಯಾನ್ಸರ್ ಕಣ ಅಂಟಿಕೊಂಡಲ್ಲಿ ಮಾತ್ರ ಚುಕ್ಕೆ ಮಿನುಗಬೇಕು. ಆರೋಗ್ಯವಂತರ ರಕ್ತಕ್ಕೆ ಅಮಾವಾಸ್ಯೆಯಂತೆ ಕಪ್ಪಾಗಿರಬೇಕು.

ಮಿನುಗುತ್ತಿತ್ತು. ಗದ್ದೆಯ ಮೇಲೆ ಮಿಂಚುಹುಳುಗಳು ಇಳಿದ ಹಾಗೆ.

“ಮತ್ತೆ ಕೆಡ್ತಾ?” ಎಂದು ಜಿಂಗ್‌ರೂ ಅಕ್ಕ ಬಂದಳು. ಬಿಲ್ಲೆ ಅವಳದೇ ಕೂಸು. ಅವಳ ಪಿಎಚ್‌ಡಿ ಪೂರ್ತಿ ಅದರ ಮೇಲೇ ನಿಂತಿತ್ತು. ಈ ಸಲ ಆರೋಗ್ಯವಂತರ ರಕ್ತ ಬೇಕೆಂದಾಗ ತೋಳು ಚಾಚಿದವಳೂ ಅವಳೇ. ಹೊರಗಿನವರನ್ನು ಕಾಡುವುದೇಕೆಂದು ಅಲ್ಲಿ ಎಲ್ಲರೂ ತಮ್ಮದನ್ನೇ ಕೊಡುತ್ತಿದ್ದರು.

“ಯಂತ್ರ ಮುನಿಸ್ಕೊಂಡಿದೆ ಕಣೇ,” ಎಂದಳು ಅಕ್ಕ. “ಪೊಟ್ಟಣ ನೋಡು.”

ಯಂತ್ರ ಮೊಂಡು ಹಿಡಿಯದಿರಲೆಂದು ಅಲ್ಲಿನವರ ನಂಬಿಕೆಯಂತೆ ಅದರ ನೆತ್ತಿಯ ಮೇಲಿಟ್ಟ ಜೋಳದ ಕುರುಕಲಿನ ಹಸಿರು ಪೊಟ್ಟಣ. ತಾರೀಕು ಮುಗಿದಿತ್ತು.

“ಹಳಸಿದ್ದು ಇಟ್ರೆ ಯಾವ ದೇವ್ರು ಒಲೀತಾನೆ?” ಅಕ್ಕ ಅದನ್ನು ಕಸದ ಬುಟ್ಟಿಗೆಸೆದು ಹೊಸದಿಟ್ಟಳು.

“ಅಕ್ಕಾ, ನಿನ್ ಕೋಟು ಜೋತಾಡ್ತಿದೆಯಲ್ಲೇ.”

“ಥೀಸಿಸ್ ಬರಿಯೋರು ದಪ್ಪ ಆಗಿದ್ದನ್ನ ಎಲ್ಲಾದ್ರೂ ಕಂಡಿದ್ಯಾ? ಇರು, ಶ್ಯಾವಿಗೆ ತರ್ತೀನಿ.”

ಹೊಸ ಪೊಟ್ಟಣ, ಹೊಸ ಬಿಲ್ಲೆ, ಅಕ್ಕನದೇ ರಕ್ತ. ಮತ್ತೆ ಮಿಂಚುಹುಳುಗಳು.

ಪೈಜೆನ್‌ಗೆ ಅಕ್ಕನ ಜೋತಾಡುವ ಕೋಟು ನೆನಪಾಯಿತು. ಬೆಳಿಗ್ಗೆ ತಾನು ಕೊಟ್ಟಿದ್ದ ರಕ್ತ ಫ್ರಿಜ್ಜಿನಲ್ಲಿತ್ತು. ಅದನ್ನು ಹರಿಸಿದಳು. ನನ್ನದೂ ಮಿನುಗಲಿ, ಬಿಲ್ಲೆಯೇ ಕೆಟ್ಟಿರಲಿ ಎಂದು ಕಾಣದ ದೇವರಿಗೆಲ್ಲ ಕೈಮುಗಿದಳು.

ಪರದೆ ಕಪ್ಪಾಗಿಯೇ ಉಳಿಯಿತು.

ಇನ್ನೊಂದು ಬಿಲ್ಲೆ ಹಾಕಿದಳು. ಅದೂ ಕಪ್ಪು.

ಹಬೆಯಾಡುವ ಡಬ್ಬಿಗಳನ್ನು ಹಿಡಿದು ಅಕ್ಕ ಒಳಬಂದಾಗ ಪೈಜೆನ್ ಇನ್ನೂ ಪರದೆ ಆರಿಸಿರಲಿಲ್ಲ.

“ಅಬ್ಬಾ, ಸರಿಹೋಯ್ತು! ನೋಡ್ದ್ಯಾ ಪೊಟ್ಟಣದ ಮಹಿಮೆ?” ಅಕ್ಕ ಬಗ್ಗಿ ನೋಡಿದಳು. “ನಂದು ತಾನೇ ಇದು?”

“ಅಲ್ಲ. ನಂದು.”

“ಮತ್ತೆ ನಂದೆಲ್ಲಿ?”

ಪೈಜೆನ್ ಮಿಂಚುಹುಳುಗಳ ಚಿತ್ರವನ್ನು ಮತ್ತೆ ಪರದೆಗೆ ತಂದಳು.

“ಹಂಗಾದ್ರೆ ನನ್ ಬಿಲ್ಲೆ ಸರಿಯಾಗೇ ಇದೆ,” ಎಂದಳು ಅಕ್ಕ. ಪರೀಕ್ಷೆ ಪಾಸಾದ ಹುಡುಗಿಯ ಬೆಳಕು ಒಂದು ಗಳಿಗೆ ಮುಖದ ಮೇಲೆ ಬಂತು. ಆಮೇಲೆ ಅವಳು ಕುರ್ಚಿ ಹುಡುಕಿಕೊಂಡು ಕೂತಳು.

“ನಾಳೆ ಆಸ್ಪತ್ರೆಗೆ ಹೋಗೋಣ ಅಕ್ಕಾ. ನಾನೂ ಬರ್ತೀನಿ.”

ಅಕ್ಕ ಬಗ್ಗಿ ಕಸದ ಬುಟ್ಟಿಯಿಂದ ಹಳೆಯ ಪೊಟ್ಟಣ ಎತ್ತಿ, ಕೋಟಿನ ತುದಿಯಿಂದ ಒರೆಸಿ, ಹೊಸದರ ಪಕ್ಕ ಇಟ್ಟಳು.

“ಪಾಪ, ಸುಮ್ನೆ ಬೈದ್ವಿ ಇದನ್ನ.”